ಟಿವಿಯೊಳಗೆ ಹೊಡೆದ ಸೈಕಲ್

ರೂಪ ಮಂಡ್ಯದಲ್ಲಿರುವ ತಮ್ಮ ರಘುನಂದನನ ಮನೆಗೆ ಬಂದಾಗ ಅವರ ಚಿಕ್ಕಂದಿನ ವಿಡಿಯೋ ಗೇಮು ಟಿವಿಯಲ್ಲಿ ಓಡುತ್ತಿತ್ತು. ರಘು ಅದನ್ನು ರಿಪೇರಿ ಮಾಡಿಸಿದ್ದ. ಹಲಗೆಯ ಮೇಲೆ ನಿಂತು ಕಡಲಿನ ಅಲೆ ಏರುವುದು, ಮಣ್ಣುದಿಬ್ಬಗಳ ಮೇಲೆ ಸೈಕಲ್ ಹಾರಿಸುವುದು, ಎಲ್ಲ ಹಾಗೇ ಇತ್ತು.

ಹನಕೆರೆಯಲ್ಲಿ ಬೆಳೆಯುವಾಗ ಮನೆಗೆ ಬಂದ ಸೈಕಲ್ ತಮ್ಮನಿಗೆ ಮಾತ್ರ. "ಬಿದ್ದು ಕೈಕಾಲು ಮುರ್ಕೊಂಡ್ರೆ ಯಾರು ಮದ್ವೆ ಆಯ್ತಾರೆ?" ಎಂದು ಅವ್ವ ಇವಳಿಗೆ ಮುಟ್ಟಗೊಡಲಿಲ್ಲ. ಇವಳು ಟಿವಿಯಲ್ಲೇ ಸೈಕಲ್ ಹೊಡೆದಳು. ಆ ಆಟದಲ್ಲಿ ರಘು ಅವಳನ್ನು ಒಮ್ಮೆಯೂ ಗೆದ್ದವನಲ್ಲ.

ಈಗಲೂ ಬೆರಳುಗಳು ಮರೆತಿರಲಿಲ್ಲ. ದಿಬ್ಬಗಳನ್ನೆಲ್ಲ ದಾಟಿ ಗೆದ್ದಳು.

"ನಿನ್ ಕೈ ಇನ್ನೂ ಅಂಗೇ ಐತೆ ಕಣಕ್ಕ!" ಎಂದು ರಘು ನಕ್ಕ.

ಅವಳಿಗೆ ನಗು ಬರಲಿಲ್ಲ. ವಯಸ್ಸು ನಲವತ್ತು ದಾಟಿತು, ನಿಜವಾದ ಸೈಕಲ್ ಏರಿದರೆ ಹೇಗಿರುತ್ತದೆಂದೇ ತನಗೆ ಗೊತ್ತಿಲ್ಲವಲ್ಲ ಎನಿಸಿತು.

"ನಿನ್ ಮಗಳ ಸೈಕಲ್ ಎಲ್ಲೈತ್ಲಾ?"

"ಈಗ್ಯಾಕಕ್ಕ?"

"ಕಲೀತೀನಿ. ಬಾ, ಇಂದ್ಗಡೆ ಸೀಟ್ ಇಡ್ಕೊ."

ಬಡಾವಣೆಯ ಖಾಲಿ ರಸ್ತೆಯಲ್ಲಿ ಬಿದ್ದಳು, ಎದ್ದಳು, ಮೊಣಕೈ ತರಚಿಕೊಂಡಳು. ಆಮೇಲೆ ತಮ್ಮ ಯಾವಾಗ ಕೈಬಿಟ್ಟನೆಂದು ಅವಳಿಗೆ ತಿಳಿಯಲೇ ಇಲ್ಲ. ರಸ್ತೆ ಮುಗಿಯುವವರೆಗೂ ಒಬ್ಬಳೇ ಹೋಗಿ, ಬೇಲಿಗೆ ಒರಗಿ ನಿಂತು, ಏದುಸಿರಿನಲ್ಲೇ ಕೂಗಿದಳು:

"ಎಂಗೆ ತಿರುಗ್ಸೋದು ಏಳ್ಕೊಡು ಬಾರ್ಲಾ!"