ದನಿ ಪರೀಕ್ಷೆ

ಗೋಡೆಯ ಮೇಲಿನ ಟೀವಿಯಲ್ಲಿ ಆ ಮುಖ ಮೂಡಿದ್ದೇ ತಡ, ಅಪ್ಪ ಬೆಂಚಿನಿಂದ ಎದ್ದು ನಿಂತ.

"ಪುಟ್ಟಿ, ನಾನು ಆಚೆ ಇರ್ತೀನಿ. ನಿಂದು ಮುಗಿದ ಮೇಲೆ ಬಾ."

"ಇವತ್ತು ಏಳ್ಬೇಡಪ್ಪ. ಕೂತ್ಕೋ."

"ಅವನು ಇಲ್ಲಿಗ್ಯಾಕೆ ಬಂದ?"

"ಇಲ್ಲೇ ಪಾಠ ಮಾಡ್ತಾನೆ."

ಅಪ್ಪ ಮಗಳ ಮುಖವನ್ನೇ ನೋಡಿದ. ಗೊತ್ತಿದ್ದೂ ನನ್ನನ್ನು ಕರಕೊಂಡು ಬಂದೆಯಾ ಎಂಬ ಮಾತು ಗಂಟಲವರೆಗೆ ಬಂದಿತ್ತು. ಅಕ್ಕಪಕ್ಕ ಕೂತ ತಂದೆತಾಯಿಗಳು ತನ್ನ ಕಡೆ ತಿರುಗಿಯಾರು ಎಂಬ ಅಳುಕಿಗೆ ಅದನ್ನು ನುಂಗಿಕೊಂಡು ಹಾಗೇ ಕುಸಿದು ಕೂತ. ನಾಲ್ಕು ಜನ ಇರುವ ಕಡೆ ದನಿ ಎತ್ತುವುದನ್ನು ಅವನು ಬಿಟ್ಟು ಬಹಳ ಕಾಲವಾಗಿತ್ತು.

ಅದು ವಿಶ್ವವಿದ್ಯಾಲಯದ ಸಂವಹನ ವಿಭಾಗದ ಕಾರಿಡಾರು. ಇಬ್ಬರು ಎದುರುಬದುರಾದರೆ ಒಬ್ಬರು ಗೋಡೆಗೆ ಅಂಟಿಕೊಳ್ಳಬೇಕು, ಅಷ್ಟು ಕಿರಿದು. ಕೊನೆಯ ಬಾಗಿಲ ಹಿಂದೆ ಸ್ಟುಡಿಯೋ. ಎಂ.ಎ. ಸೀಟು ಬೇಕಾದವರು ಬೆಳಿಗ್ಗೆ ತಮಗೆ ತೋಚಿದ ವಿಷಯದ ಮೇಲೆ ಒಂದು ನಿಮಿಷದ ಸುದ್ದಿ ಬರೆದಿಟ್ಟುಕೊಂಡಿದ್ದರು. ಈಗ ಒಬ್ಬೊಬ್ಬರಾಗಿ ಒಳಗೆ ಹೋಗಿ ಕ್ಯಾಮೆರಾ ಎದುರು ಅದನ್ನು ಓದಬೇಕು. ಒಳಗಿನದ್ದೆಲ್ಲ ಕಾರಿಡಾರಿನ ಟೀವಿಗೆ ಬರುತ್ತಿತ್ತು. ಪರೀಕ್ಷೆ ಮಾಡುವವರು ಇಬ್ಬರು, ವಿಭಾಗದ ಮುಖ್ಯಸ್ಥೆ ಮತ್ತು ಅವನು. ಊರೆಲ್ಲ ಅವನನ್ನು ಕರೆಯುತ್ತಿದ್ದದ್ದು ಗುಡುಗು ಎಂದು. ಟೀವಿಯಲ್ಲಿ ಸುದ್ದಿ ಓದಿ ಹೆಸರು ಮಾಡಿ, ಈಗ ವಾರಕ್ಕೆರಡು ದಿನ ಇಲ್ಲಿ ಅತಿಥಿ ಅಧ್ಯಾಪಕ. ದನಿ ಒಳ್ಳೆಯದೇ, ಅದರ ಬಗ್ಗೆ ಸುಳ್ಳು ಹೇಳಬಾರದು. ಸೊಪ್ಪಿನ ಬೆಲೆ ಏರಿದೆ ಎಂದು ಹೇಳಿದರೂ ಎಲ್ಲೋ ಯುದ್ಧ ಶುರುವಾಯಿತೇನೋ ಎಂದು ಜನ ಬಾಗಿಲು ಹಾಕಿಕೊಳ್ಳಬೇಕು, ಅಂಥ ದನಿ.

ಪುಟ್ಟಿಗೆ ಈ ಪರೀಕ್ಷೆ ಬೇಕಾಗಿಯೇ ಇರಲಿಲ್ಲ. ಮೈದಾನದ ಆಚೆ ಕೆಮಿಸ್ಟ್ರಿ ವಿಭಾಗದಲ್ಲಿ ಅವಳಿಗೆ ಸೀಟು ಆಗಲೇ ಸಿಕ್ಕಿತ್ತು. ಈವತ್ತು ಸಂಜೆಯೊಳಗೆ ಹೋಗಿ ಹೂಂ ಅಂದರಾಯಿತು. ಬಿ.ಎಸ್ಸಿ.ಯಲ್ಲಿ ಕಾಲೇಜಿಗೇ ಮೊದಲ ಸ್ಥಾನ ಪಡೆದ ಹುಡುಗಿ ಅದನ್ನು ಬಿಟ್ಟು ಸಂವಹನ ಓದುತ್ತೇನೆಂದಾಗ ಅಮ್ಮ ಸೌಟು ಕೆಳಗಿಟ್ಟಳು. "ಮಾತಾಡೋದು ಕಲಿಯಕ್ಕೆ ಯುನಿವರ್ಸಿಟಿ ಯಾಕೆ? ನಿಮ್ಮತ್ತೆ ಮನೇಲಿ ಒಂದು ವಾರ ಇದ್ದು ಬಾ, ಸಾಕು," ಎಂದಳು. ಸೋದರಮಾವ ತಲೆ ಕೆಟ್ಟಿದೆ ಎಂದ. ಪುಟ್ಟಿ ಯಾರಿಗೂ ನಿಜ ಹೇಳಲಿಲ್ಲ. ಅವಳು ಓದುವ ಆಸೆಗೆ ಇಲ್ಲಿಗೆ ಬಂದವಳಲ್ಲ. ಸೇಡು ತೀರಿಸಿಕೊಳ್ಳಲು ಬಂದವಳು.

ಅವಳು ಕಾಲೇಜು ಸೇರುವ ಮೊದಲಿನ ಮಾತು. ಅಂಚೆ ಕಚೇರಿಯ ಪಕ್ಕ ದೊಡ್ಡ ಛತ್ರಿಯ ಕೆಳಗೆ ಅಪ್ಪ ಬೀಗ ರಿಪೇರಿ ಮಾಡುತ್ತ, ಕಳೆದುಹೋದ ಕೀಲಿಗೆ ಇನ್ನೊಂದು ಕೀಲಿ ಅರದಿಂದ ತಿಕ್ಕಿ ಕೊಡುತ್ತ ಕೂತಿರುತ್ತಿದ್ದ. ಬೀಗದಣ್ಣ ಎಂದರೆ ಬೀದಿಗೆಲ್ಲ ಗೊತ್ತು. ಒಂದು ದಿನ ಒಬ್ಬ ಸೋಪಿನ ಮೇಲೆ ಕೀಲಿಯ ಅಚ್ಚು ಒತ್ತಿಕೊಂಡು ಬಂದು, ಇಂಥದ್ದೇ ಒಂದು ಮಾಡಿಕೊಡು ಎಂದ. ಸೋಪಿನ ಅಚ್ಚು ತರುವವನು ಮನೆಯ ಯಜಮಾನನಲ್ಲ ಎಂಬುದು ಈ ಕಸುಬಿನಲ್ಲಿ ಎಲ್ಲರಿಗೂ ಗೊತ್ತು. ಅಪ್ಪ ನಾಳೆ ಬಾ ಎಂದು ಹೇಳಿ ಪೊಲೀಸರಿಗೆ ತಿಳಿಸಿದ. ಕಳ್ಳ ಸಿಕ್ಕ, ನಂಬಿ ಕೀಲಿ ಕೊಟ್ಟಿದ್ದ ಇನ್ನೊಂದು ಮನೆಯನ್ನು ಅವನು ಮೊದಲೇ ದೋಚಿದ್ದೂ ಹೊರಬಿತ್ತು. ಟೀವಿಯವರು ಬಂದು ಅಪ್ಪನನ್ನೂ ಮಾತಾಡಿಸಿ, ಕಳ್ಳನ ಫೋಟೋವನ್ನೂ ತೆಗೆದುಕೊಂಡು ಹೋದರು. ಆ ರಾತ್ರಿ ಹೊಸ ಅಂಗಿ ಹಾಕಿಕೊಂಡು ಅಪ್ಪ, ಕೈಯಲ್ಲಿದ್ದ ಕೆಲಸ ಬಿಟ್ಟು ಅಮ್ಮ, ಎಲ್ಲರೂ ಟೀವಿಯ ಮುಂದೆ ಕೂತರು. ಫೋಟೋ ಅದಲುಬದಲಾಗಿತ್ತು. ಪರದೆಯ ತುಂಬ ಅಪ್ಪನ ಮುಖ, ಅದರ ಸುತ್ತ ಕೆಂಪು ವೃತ್ತ, ಮೇಲೆ ಗುಡುಗಿನ ದನಿ: "ನಂಬಿ ಕೀಲಿ ಕೊಟ್ಟರು, ಮನೆಯನ್ನೇ ದೋಚಿದ!"

ಮೂರು ದಿನ ಅದೇ ಓಡಿತು. ತಪ್ಪು ತಿಳಿದ ಮೇಲೆ ಒಂದು ತಿದ್ದುಪಡಿ ಹಾಕಿದರು, ಪರದೆಯ ತಳದಲ್ಲಿ, ಜಾಹೀರಾತುಗಳ ಜೊತೆ ಓಡುವ ಸಾಲಿನಲ್ಲಿ. ಅಪ್ಪ ಕನ್ನಡಕ ಹುಡುಕುವುದರೊಳಗೆ ಅದು ಓಡಿಹೋಯಿತು. ಅವನು ಕಳ್ಳನಲ್ಲ ಎಂದು ಪೊಲೀಸರು ಹೇಳಿದರು, ಬೀದಿಯವರೂ ಹೇಳಿದರು, ಆದರೆ ಕೀಲಿ ಮಾತ್ರ ಯಾರೂ ಕೊಡಲಿಲ್ಲ. ಬೀಗದಣ್ಣನನ್ನು ಹುಡುಗರು ಟೀವಿಯಣ್ಣ ಎಂದು ಕರೆದು ನಗತೊಡಗಿದರು. ಈಗ ಅವನು ಸೋದರಮಾವನ ಅಂಗಡಿಯಲ್ಲಿ ಮೊಳೆ ತೂಕ ಮಾಡುತ್ತಾನೆ. ಬೀಗಗಳಿರುವ ಕಪಾಟಿನ ಕಡೆ ಭಾವನೇ ಅವನನ್ನು ಬಿಡುವುದಿಲ್ಲ. ಗಿರಾಕಿಗಳು ಏನಂದುಕೊಂಡಾರು ಎನ್ನುತ್ತಾನೆ.

ಪುಟ್ಟಿಗೆ ಬೇಕಾಗಿದ್ದದ್ದು ಇಷ್ಟೇ. ಅಪ್ಪನನ್ನು ಕಳ್ಳ ಎಂದ ಆ ಬಾಯಿಯೇ, ಆ ದನಿಯಲ್ಲೇ, ಅವನು ಕಳ್ಳನಲ್ಲ ಎನ್ನಬೇಕು. ಅದನ್ನು ಅಪ್ಪ ಕಿವಿಯಾರೆ ಕೇಳಬೇಕು. ಗುಡುಗಿನ ಶಿಷ್ಯೆಯಾಗಿ, ಸುದ್ದಿಮನೆ ಸೇರಿ, ಎಂದಾದರೂ ಒಂದು ದಿನ ಎಂದು ಮೊದಲು ಅಂದುಕೊಂಡಿದ್ದಳು. ಎರಡನೇ ವರ್ಷದ ಹುಡುಗಿಯೊಬ್ಬಳು ಅವನ ಚಾಳಿಯನ್ನು ಹೇಳಿದ ಮೇಲೆ ಅಷ್ಟು ಕಾಯಬೇಕಿಲ್ಲ ಎನಿಸಿತು.

"ಚೆನ್ನಾಗಿ ಓದಿದ್ರೆ ಅವರಿಗೆ ಬೇಜಾರು ಕಣೆ. ಕೆಟ್ಟದಾಗಿ ಓದಿದ್ರೆ ಖುಷಿಯೋ ಖುಷಿ. ಪೇಪರ್ ಕಿತ್ಕೊಂಡು ತಾವೇ ಓದಿ ತೋರಿಸ್ತಾರೆ. ಮೊದಲು ಒಂದ್ಸಲ ಕಣ್ಣಾಡಿಸೋದೂ ಇಲ್ಲ. ಕಣ್ಣಿಗೆ ಬಿದ್ದದ್ದು ಸೀದಾ ಬಾಯಿಗೆ ಬರಬೇಕಂತೆ, ಅದೇ ವಿದ್ಯೆಯಂತೆ."

ಅದೇ ವಿದ್ಯೆ ಅವಳ ಮನೆ ಹಾಳು ಮಾಡಿದ್ದು.

ಟೀವಿಯಲ್ಲಿ ಈಗ ಒಬ್ಬ ಹುಡುಗ ರಸ್ತೆಗುಂಡಿಗಳ ಸುದ್ದಿಯನ್ನು ತಡವರಿಸುತ್ತಿದ್ದ. ಗುಡುಗು ಅವನ ಕೈಯಿಂದ ಕಾಗದ ಕಿತ್ತುಕೊಂಡು ಕುರ್ಚಿಯಲ್ಲಿ ಕೂತು, ಕೋಟಿನ ಕಾಲರು ಸರಿಮಾಡಿಕೊಂಡು ಶುರು ಹಚ್ಚಿಕೊಂಡ. ಗುಂಡಿಗಳು ಬಾಯಿ ತೆರೆದು ಊರನ್ನೇ ನುಂಗತೊಡಗಿದವು. ಕಾರಿಡಾರಿನ ಜನ ನಕ್ಕು ತಲೆದೂಗಿದರು. ಅಪ್ಪ ನೆಲ ನೋಡುತ್ತಿದ್ದ. ಅಷ್ಟರಲ್ಲಿ ಪುಟ್ಟಿಯ ಸರದಿ ಬಂತು.

"ಅಪ್ಪ, ನಾನು ಓದುವಾಗ ಟೀವಿ ನೋಡು."

"ಅವನಿರ್ತಾನಲ್ಲ."

"ಅದಕ್ಕೇ ನೋಡು."

ಒಳಗೆ ದೀಪಗಳ ಸೆಕೆ. ಕ್ಯಾಮೆರಾದ ತಲೆಯ ಮೇಲೆ ಒಂದು ಕೆಂಪು ಬೆಳಕು. ಗುಡುಗು ಸಿನಿಮಾ ಹೀರೋಗಳ ಹಾಗೆ ಎದೆಯ ಮೇಲೆ ಕೈ ಕಟ್ಟಿಕೊಂಡು ನಿಂತಿದ್ದ. ಹತ್ತಿರದಿಂದ ನೋಡಿದರೆ ಕೆನ್ನೆಯ ಮೇಲೆ ಪೌಡರು ಬಿರುಕು ಬಿಟ್ಟಿತ್ತು. ಪಕ್ಕದಲ್ಲಿ ಕೂತ ಮುಖ್ಯಸ್ಥೆ, "ಓದಮ್ಮ," ಎಂದರು. ಇಷ್ಟು ಹತ್ತಿರ ನಿಂತಾಗ ಭಯವಾಗಬಹುದು ಎಂದು ಪುಟ್ಟಿ ಅಂದುಕೊಂಡಿದ್ದಳು. ಭಯವಾಗಲಿಲ್ಲ. ಹೊಟ್ಟೆಯೊಳಗೆ ಬೆಂಕಿ ಮಾತ್ರ ಇತ್ತು. ಅವನು ಕಾಗದ ಕಿತ್ತುಕೊಳ್ಳದಿದ್ದರೆ ಈ ಸೀಟೂ ಇಲ್ಲ, ಆ ಮಾತೂ ಇಲ್ಲ. ತಣ್ಣಗೆ ಹೋಗಿ ಕೆಮಿಸ್ಟ್ರಿಗೆ ಹೂಂ ಅನ್ನಬೇಕು. ಅವಳು ಕತ್ತು ಬಗ್ಗಿಸಿ, ಬಾಯೊಳಗೇ ಗೊಣಗಿದಳು.

"ನಂಬಿ... ಕೀಲಿ ಕೊಟ್ಟರು... ಮನೆಯನ್ನೇ..."

"ನಿಲ್ಸು ನಿಲ್ಸು. ಬೆಳಿಗ್ಗೆ ತಿಂಡಿ ತಿಂದಿಲ್ವಾ? ದನಿ ಎಲ್ಲಿ? ಇನ್ನೊಂದ್ಸಲ."

ಅವಳು ಇನ್ನಷ್ಟು ಕುಗ್ಗಿ ಅದೇ ಸಾಲನ್ನು ಇನ್ನೂ ಕೆಟ್ಟದಾಗಿ ಓದಿದಳು.

"ಅಯ್ಯೋ ರಾಮ! ಎಂಥಾ ಲೈನು ಬರೆದಿದೀಯ ಮಾರಾಯ್ತಿ, ಬೆಂಕಿ ಇದ್ದ ಹಾಗಿದೆ. ಅದನ್ನ ಹಿಂಗಾ ಓದೋದು? ಕೊಡಿಲ್ಲಿ."

ತನ್ನದೇ ಮಾತು ಎಂಬುದು ಅವನಿಗೆ ನೆನಪೇ ಇರಲಿಲ್ಲ. ಒಂದು ಮನೆಯನ್ನು ಬೀದಿಗೆ ತಂದ ಸಾಲು, ಮೂರು ದಿನ ಬಾಯಿ ತುಂಬ ಆಡಿದ ಸಾಲು, ಆಮೇಲೆ ಉಗುಳಿನ ಹಾಗೆ ಮರೆತುಬಿಟ್ಟಿದ್ದ. ಅವನು ಅವಳನ್ನು ಗುರುತು ಹಿಡಿದು ಬೈದು ಹೊರಗೆ ಹಾಕಿದ್ದರೂ ಅವಳಿಗೆ ಇಷ್ಟು ಸಿಟ್ಟು ಬರುತ್ತಿರಲಿಲ್ಲ. ಕಾಗದ ಕೊಟ್ಟಳು. ಎದೆಯ ಬಡಿತ ಮೈಕಿಗೆ ಕೇಳಿಸೀತೆಂದು ಎರಡು ಹೆಜ್ಜೆ ಹಿಂದೆ ಸರಿದಳು.

ಅವನು ಕೂತ. ಕಾಲರು ಸರಿಮಾಡಿಕೊಂಡ. ಕ್ಯಾಮೆರಾ ಕಡೆ ಹುಬ್ಬು ಹಾರಿಸಿ ದನಿ ಬಿಟ್ಟ.

"ನಂಬಿ ಕೀಲಿ ಕೊಟ್ಟರು, ಮನೆಯನ್ನೇ ದೋಚಿದ! ಈ ಮಾತನ್ನು ಮೂರು ದಿನ ಹಗಲೂ ರಾತ್ರಿ ನಿಮ್ಮ ಮನೆಮನೆಗೆ ಬಂದು ಹೇಳಿದವನು ನಾನು! ನಾನು ತೋರಿಸಿದ ಮುಖ ಕಳ್ಳನದಲ್ಲ! ಕಳ್ಳನನ್ನು ಹಿಡಿದುಕೊಟ್ಟ ಬೀಗದವನದು! ಯಾರ ಫೋಟೋ ಎಂದು ನಾನು ಕೇಳಲಿಲ್ಲ, ತಪ್ಪು ತಿಳಿದ ಮೇಲೂ ಬಾಯಿ..."

ಅಲ್ಲಿಗೆ ದನಿ ಸಿಕ್ಕಿಕೊಂಡಿತು. ಕಣ್ಣು ಮುಂದಿನ ಸಾಲಿಗೆ ಹೋಗಿ, ಹಿಂದಕ್ಕೆ ಬಂದು, ಮತ್ತೆ ಮುಂದಕ್ಕೆ ಹೋಯಿತು. ಪುಟ್ಟಿ ಅವನ ಮುಖ ಬಣ್ಣಗೆಡುವುದನ್ನು ಒಂದಿಷ್ಟೂ ಬಿಡದೆ ನೋಡಿದಳು. ಹೊಟ್ಟೆ ತಣ್ಣಗಾಗುವುದು ಎಂದರೆ ಇದು ಎಂದು ಅವಳಿಗೆ ಮೊದಲ ಸಲ ಗೊತ್ತಾಯಿತು.

"ಇದೇನಿದು? ಯಾರು ನೀನು?"

"ಬೀಗದವರ ಮಗಳು ಸಾರ್."

"ನೋಡಮ್ಮ, ಫೋಟೋ ಹೆಚ್ಚುಕಮ್ಮಿ ಆಗೋದು ಎಲ್ಲಾ ಕಡೆ ಇದ್ದದ್ದೇ. ತಿದ್ದುಪಡಿ ಹಾಕಿದ್ವಲ್ಲ."

"ಹಾಕಿದ್ರಿ ಸಾರ್. ನಮ್ಮಪ್ಪ ಕನ್ನಡಕ ಹಾಕ್ಕೊಳ್ಳೋದ್ರೊಳಗೆ ಹೋಗ್ಬಿಡ್ತು. ಅದಕ್ಕೇ ನೀವು ಓದಿ ಹೇಳಿದ್ರೆ ಕೇಳಿಸ್ಕೊಳ್ತಾರೆ. ಇನ್ನೊಂದೇ ಸಾಲಿದೆ."

ಅವನು ಕಾಗದವನ್ನು ಮಡಚಲು ಹೋದ. ಮುಖ್ಯಸ್ಥೆ ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು.

"ಸರ್, ಟೀವಿ ಹೊರಗೆ ಓಡ್ತಾ ಇದೆ," ಎಂದರು. "ಎಲ್ಲರೂ ನೋಡ್ತಿದಾರೆ. ಮುಗಿಸಿಬಿಡಿ."

ಅವನು ಕೆಂಪು ಬೆಳಕಿನ ಕಡೆ ನೋಡಿದ. ಕ್ಯಾಮೆರಾ ಮುಂದೆ ಅರ್ಧಕ್ಕೆ ನಿಲ್ಲಿಸಿ ಅವನಿಗೆ ಅಭ್ಯಾಸವಿರಲಿಲ್ಲ. ತುಟಿ ಅಲ್ಲಾಡಿಸಿ, ಪಕ್ಕದ ಮನೆಯವರಿಗೆ ಕೇಳಬಾರದ ಗುಟ್ಟಿನ ಹಾಗೆ ಏನೋ ಅಂದ.

"ಕೇಳಿಸ್ಲಿಲ್ಲ ಸಾರ್," ಎಂದಳು ಪುಟ್ಟಿ. "ದನಿ ಎಲ್ಲಿ?"

ಮುಖ್ಯಸ್ಥೆಯ ಮುಖದಲ್ಲಿ ಏನೂ ಕಾಣಲಿಲ್ಲ. ಅವರು ಅವಳನ್ನು ತಡೆಯಲಿಲ್ಲ, ಅಷ್ಟೇ. ಗುಡುಗು ಗಂಟಲು ಸರಿಮಾಡಿಕೊಂಡ.

"ಆ ಮನುಷ್ಯ ಕಳ್ಳನಲ್ಲ," ಎಂದ. ಈ ಸಲ ಕೇಳಿಸಿತು.

ಕಾಗದವನ್ನು ಮೇಜಿನ ಮೇಲೆ ಕುಕ್ಕಿ, ಮೈಕಿನ ವೈರನ್ನು ಕೋಟಿನಿಂದ ಬಿಡಿಸಿಕೊಳ್ಳತೊಡಗಿದ. ಅದು ಕೋಟಿನ ಗುಂಡಿಗೆ ಸಿಕ್ಕಿಕೊಂಡಿತು.

"ನಿನಗೆ ಬೇಕಾದ್ದು ಸಿಕ್ತಲ್ಲ," ಎಂದರು ಮುಖ್ಯಸ್ಥೆ ಪುಟ್ಟಿಗೆ. "ನಿನ್ನ ಕೆಮಿಸ್ಟ್ರಿ ಮಾರ್ಕ್ಸ್ ನೋಡಿದೀನಿ. ಇನ್ನು ನಿನಗೆ ಈ ಸೀಟು ಯಾಕೆ? ಆ ಕಡೆ ಹೋದ್ರೆ ಯಾರೂ ತಪ್ಪು ಅನ್ನಲ್ಲ."

ಪುಟ್ಟಿ ಬೆಳಿಗ್ಗೆ ಮನೆಯಿಂದ ಹೊರಟಾಗ ಈ ಪ್ರಶ್ನೆಗೆ ಉತ್ತರ ಇಟ್ಟುಕೊಂಡಿರಲಿಲ್ಲ. ಆ ಒಂದು ಮಾತು ಹೊರಬಿದ್ದ ಮೇಲೆ ಸಿಟ್ಟು ಇಳಿದುಹೋಗಿ ಮೈ ಹಗುರಾಗುತ್ತದೆ ಎಂದು ಅಂದುಕೊಂಡಿದ್ದಳು. ಆದರೆ ಆಗ ಹೊಟ್ಟೆ ತಣ್ಣಗಾದದ್ದು ಅಷ್ಟಕ್ಕೇ ನಿಂತಿತ್ತು. ಮೂರು ದಿನ ಆಡಿದ್ದಕ್ಕೆ ಒಂದು ಸಲ ಯಾವ ಲೆಕ್ಕ? ವೈರಿನ ಜೊತೆ ಗುದ್ದಾಡುತ್ತಿದ್ದ ಆ ಮನುಷ್ಯನನ್ನು ನೋಡಿದರೆ ಅವಳಿಗೆ ಇನ್ನಷ್ಟು ಬೇಕೆನಿಸಿತು.

"ಈ ಸೀಟೇ ಬೇಕು ಮೇಡಂ. ಎರಡು ವರ್ಷ ಇವರ ಕ್ಲಾಸಲ್ಲಿ ಮೊದಲನೇ ಬೆಂಚಲ್ಲಿ ಕೂತ್ಕೋಬೇಕು. ಓದುವಾಗೆಲ್ಲ ಇವರು ನನ್ನ ಮುಖ ನೋಡ್ಕೊಂಡೇ ಓದ್ಲಿ."

"ಹಾಗಾದ್ರೆ ಈಗ ಸರಿಯಾಗಿ ಓದು. ಗೊಣಗಿದ್ದಕ್ಕೆಲ್ಲ ನಾನು ಸೀಟು ಕೊಡಲ್ಲ."

ಪುಟ್ಟಿ ಇನ್ನೂ ಬಿಸಿಯಾಗಿದ್ದ ಆ ಕುರ್ಚಿಯಲ್ಲಿ ಕೂತು, ಕಾಗದ ನೋಡದೆ, ಮೊದಲಿನಿಂದ ಕೊನೆಯವರೆಗೆ ಓದಿದಳು. ಕಿರುಚಲಿಲ್ಲ. ಮುಖ್ಯಸ್ಥೆ ತಲೆಯಾಡಿಸಿ ಏನೋ ಬರೆದುಕೊಂಡು, "ಸೋಮವಾರದಿಂದ ಬಾ," ಎಂದರು.

ಅವಳು ಕಾರಿಡಾರಿಗೆ ಬಂದಳು. ಎಲ್ಲರೂ ಅಪ್ಪನನ್ನೇ ನೋಡುತ್ತಿದ್ದರು, ಪುಟ್ಟಿಯ ಪಕ್ಕ ಕೂತಿದ್ದವನೇ ಟೀವಿಯಲ್ಲಿ ಹೇಳಿದ ಬೀಗದವನು ಎಂದು ಅವರಿಗೆ ಗೊತ್ತಾಗಿತ್ತು. ಅಪ್ಪನ ಕಣ್ಣು ಕೆಂಪಗಿತ್ತು.

"ಇದಕ್ಕೇನಾ ಪುಟ್ಟಿ, ಕೆಮಿಸ್ಟ್ರಿ ಬಿಟ್ಟಿದ್ದು?"

"ಹೂಂ."

"ನಿಮ್ಮಮ್ಮ ಸುಮ್ನೆ ಬಿಡಲ್ಲ."

"ಗೊತ್ತಪ್ಪ. ನೀನು ಕೇಳಿಸ್ಕೊಂಡ್ಯಾ?"

ಅಪ್ಪ ಬೆಂಚಿನಲ್ಲಿ ಸರಿಯಾಗಿ ಕೂತ. ಬೆನ್ನನ್ನು ಗೋಡೆಗೆ ಆನಿಸಿ, ಎರಡು ಕಾಲನ್ನೂ ಎದುರಿನ ಗೋಡೆ ಮುಟ್ಟುವ ಹಾಗೆ ಚಾಚಿದ. ಅಷ್ಟರಲ್ಲಿ ಸ್ಟುಡಿಯೋದ ಬಾಗಿಲು ತೆರೆದು ಗುಡುಗು ಹೊರಗೆ ಬಂದ. ಕೋಟು ತೋಳಿನ ಮೇಲಿತ್ತು. ಆಚೆ ಹೋಗಲು ಇದ್ದದ್ದು ಈ ಕಾರಿಡಾರು ಒಂದೇ. ಬೇಗ ಬೇಗ ನಡೆದು ಬಂದವನು ಅಪ್ಪನ ಕಾಲುಗಳ ಹತ್ತಿರ ನಿಂತ.

"ಸ್ವಲ್ಪ..." ಎಂದ.

ಅಪ್ಪ ತಲೆ ಎತ್ತಿ ಅವನ ಮುಖವನ್ನು ನೋಡಿದ. ಕಾಲು ಮಡಚಲಿಲ್ಲ. ಬೆಂಚಿನ ಮೇಲಿದ್ದವರು ಯಾರೂ ಏಳಲಿಲ್ಲ, ಯಾರೂ ಸರಿದು ದಾರಿ ಮಾಡಲಿಲ್ಲ. ಒಂದು ಕೈಯಿಂದ ಇನ್ನೊಂದು ಕೈಗೆ ಕೋಟು ಬದಲಿಸುತ್ತ ಅವನು ಅಲ್ಲೇ ನಿಂತಿದ್ದ.