ಇನ್ನೊಂದು ಸಲ ಕೇಳಿ

"ಏನಾದ್ರೂ ಸಹಾಯ ಬೇಕಾ, ರುದೈನಾ?"

ಮೇಜಿನ ಪಕ್ಕ ನಿಂತು ನವ್ರಸ್ ಕೇಳಿದ. ರುದೈನಾ ಪರದೆಯಿಂದ ಕಣ್ಣು ತೆಗೆದು ನಕ್ಕಳು. "ಬೇಡ ಉಸ್ತಾದ್, ನೀವು ತಣ್ಣಗಿರಿ." ನವ್ರಸ್ ಸಮಾಧಾನದಿಂದ ತಲೆಯಾಡಿಸಿ ತನ್ನ ಜಾಗಕ್ಕೆ ಹೋಗಿ ಕೂತ. ಅವನ ಬೆನ್ನು ನೋಡುತ್ತಿದ್ದ ಹಾಗೆ ರುದೈನಾಳ ನಗು ಅಲ್ಲೇ ಒಣಗಿತು.

ಹೀಗೆ ಹೊರಟೇ ಹೋಗುವುದೇ? ಅಮ್ಮಾನ್ ನಗರದಲ್ಲಿ ಬೆಳೆದ ಯಾರು ತಾನೇ ಮೊದಲ ಸಲಕ್ಕೆ 'ಹೂಂ, ಬೇಕು' ಎನ್ನುತ್ತಾರೆ? ಊಟಕ್ಕೆ ಕರೆದರೂ ಬೇಡ, ಕಾರಿನಲ್ಲಿ ಮನೆಗೆ ಬಿಡುತ್ತೇನೆಂದರೂ ಬೇಡ. ಕರೆದವರು ಅಷ್ಟಕ್ಕೇ ಬಿಡಬಾರದು. ಆಣೆ ಹಾಕಬೇಕು, ಸ್ವಲ್ಪ ಮುನಿಸಿಕೊಳ್ಳಬೇಕು. ಆಮೇಲೆ ಒಪ್ಪಿಕೊಳ್ಳುವುದು ಮರ್ಯಾದಸ್ಥರ ಲಕ್ಷಣ. ನವ್ರಸನ ಅಪ್ಪ ಅಮ್ಮ ಇಲ್ಲಿಯವರೇ ಆದರೂ ಅವನು ಬೆಳೆದದ್ದು ಹ್ಯಾಂಬರ್ಗಿನಲ್ಲಿ. ತಂಡದ ಮುಖ್ಯಸ್ಥನಾಗಿ ಈಚೆಗಷ್ಟೇ ಬಂದಿದ್ದ, ಅದಕ್ಕೇ ಈ ಮರ್ಯಾದೆಯ 'ಉಸ್ತಾದ್'. ಒಳ್ಳೆಯವನು, ಆದರೆ ಬೇಡ ಎಂದರೆ ಬೇಡವೆಂದೇ ನಂಬುವ ಆಸಾಮಿ. ಗುಂಪಿನ ಚಾಟ್‌ನಲ್ಲಂತೂ ಒಂದು ಹೆಬ್ಬೆರಳಿನ ಚಿತ್ರ ಒತ್ತಿ ಮಾತು ಮುಗಿಸಿಬಿಡುತ್ತಿದ್ದ.

ರುದೈನಾ ನಿಜಕ್ಕೂ ಸಿಕ್ಕಿಹಾಕಿಕೊಂಡಿದ್ದಳು. ಹಾಜಿ ಫವ್ವಾಜರ ಔಷಧಿ ಅಂಗಡಿಗಳಿಗೆ ತಂಡ ಮಾಡುತ್ತಿದ್ದ ಆ್ಯಪ್‌ನಲ್ಲಿ ದಾಸ್ತಾನಿನ ಭಾಗ ಬುಡದಿಂದ ತುದಿಯವರೆಗೆ ಅವಳದೇ. ಗೋದಾಮಿನಲ್ಲಿ ಉಳಿದ ಕೊನೆಯ ಡಬ್ಬಿಯನ್ನು ಎರಡು ಅಂಗಡಿಯವರು ಒಟ್ಟಿಗೆ ಕೇಳಿದರೆ ಅದು ಇಬ್ಬರಿಗೂ 'ಇದೆ, ಕಳಿಸುತ್ತೇವೆ' ಎನ್ನುತ್ತಿತ್ತು. ಗುರುವಾರ ಹಾಜಿಯವರಿಗೆ ತೋರಿಸಬೇಕು. ಆಗದಿದ್ದರೆ ಕೆಲಸ ಕಂಪನಿಯ ಹ್ಯಾಂಬರ್ಗ್ ಕಚೇರಿಯ ಪಾಲಾಗುತ್ತದೆ. ತಾನು ಸಾಕಿದ್ದನ್ನು ಇನ್ನೊಬ್ಬರು ಎತ್ತಿಕೊಂಡು ಹೋಗುವುದನ್ನು ನೆನೆಯಲೂ ಅವಳಿಗೆ ಮನಸ್ಸಿರಲಿಲ್ಲ.

ಮರುದಿನ ಬೆಳಗ್ಗೆ ಎಲ್ಲರೂ ಚಹಾ ಲೋಟ ಹಿಡಿದು ಕಿಟಕಿಯ ಬಳಿ ನಿಂತಿದ್ದರು. ದಿನವೂ ಅಲ್ಲಿಯೇ ಒಬ್ಬೊಬ್ಬರಾಗಿ ತಮ್ಮ ಕೆಲಸ ಎಲ್ಲಿಗೆ ಬಂತೆಂದು ಹೇಳುವುದು ರೂಢಿ.

"ದಾಸ್ತಾನಿನ ಕೆಲಸ ಸರಾಗವಾಗಿ ಸಾಗ್ತಿದೆ," ಎಂದು ನವ್ರಸ್ ಹೆಮ್ಮೆಯಿಂದ ಹೇಳಿದ. "ರುದೈನಾಗೆ ಯಾರ ಸಹಾಯಾನೂ ಬೇಕಾಗಿಲ್ಲ. ಈಗ್ಲೂ ಬೇಡ ತಾನೇ?"

"ಬೇಡ," ಎಂದಿತು ಅವಳ ಬಾಯಿ, ಅವಳನ್ನು ಕೇಳದೆಯೇ.

ನವ್ರಸ್ ಪಕ್ಕದವರ ಕಡೆ ತಿರುಗಿದ. ರುದೈನಾಳಿಗೆ ಸಿಟ್ಟು ಬಂತು. ಅವನ ಮೇಲೋ ತನ್ನ ಮೇಲೋ ತಿಳಿಯಲಿಲ್ಲ.

"ಉಸ್ತಾದ್, ಇನ್ನೊಂದು ಸಲ ಕೇಳಿ."

"ಏನನ್ನ?"

"ಈಗ ಕೇಳಿದ್ರಲ್ಲ, ಅದನ್ನೇ."

ನವ್ರಸ್ ಎಲ್ಲರ ಮುಖ ನೋಡಿದ. "ಸಹಾಯ ಬೇಕಾ?"

"ಅಯ್ಯೋ, ನಿಮಗ್ಯಾಕೆ ತೊಂದರೆ, ಬಿಡಿ."

"ಮತ್ತೆ ಯಾಕಮ್ಮ ಕೇಳಿಸಿದ್ದು?"

"ಇನ್ನೂ ಒಂದು ಸಲ ಕೇಳಿ. ಸ್ವಲ್ಪ ಗಟ್ಟಿಯಾಗಿ."

ಆ್ಯಪನ್ನು ಪರೀಕ್ಷಿಸುವವಳು ವಿಜ್ದಾನ್, ತಂಡದಲ್ಲೆಲ್ಲ ಹಿರಿಯಳು. ಅವಳಿಗೆ ನಗು ತಡೆಯಲಾಗದೆ ಚಹಾ ಚೆಲ್ಲಿತು. "ಅಲ್ಲ ಹಬೀಬಿ, ನಿಮ್ಮಮ್ಮ ನಿಂಗೆ ಇಷ್ಟೂ ಹೇಳಿಕೊಟ್ಟಿಲ್ವಾ? ಒಂದೇ ಸಲ ಕೇಳಿ ಹೋಗೋದು ಕರೆಂಟ್ ಬಿಲ್ ಕೊಡೋನು. ಆಣೆ ಹಾಕಿ ಕೇಳು."

ನವ್ರಸನ ಕಿವಿ ಕೆಂಪಾಯಿತು. "ದೇವರಾಣೆ, ರುದೈನಾ, ಏನಾಗಿದೆ ಅಂತ ಹೇಳ್ಲೇಬೇಕು."

"ಬೇಕು," ಎಂದಳು ರುದೈನಾ. "ಮೊನ್ನೆಯಿಂದ ಬೇಕಿತ್ತು. ಒಂದೇ ಡಬ್ಬೀನ ಇಬ್ಬರಿಗೂ ಕೊಡ್ತೀನಿ ಅಂತಿದೆ ಆ್ಯಪು. ನಂಗೆ ದಾರಿ ಕಾಣ್ತಿಲ್ಲ." ಹೇಳುವಾಗ ಕಣ್ಣು ತುಂಬಿತು. ಹೇಳಿದ ಮೇಲೆ ಎಷ್ಟು ಹಗುರವಾಯಿತೆಂದರೆ, ಇಷ್ಟಕ್ಕೆ ಇಷ್ಟೊಂದು ಒದ್ದಾಡಿದೆನಲ್ಲ ಎಂದು ಅವಳಿಗೇ ನಾಚಿಕೆಯಾಯಿತು.

ನವ್ರಸ್ ಕುರ್ಚಿ ಎಳೆದುಕೊಂಡು ಅವಳ ಪಕ್ಕ ಕೂತ. ವಿಜ್ದಾನ್ ಒಂದು ಅಂಗಡಿಯವಳಾದಳು, ನವ್ರಸ್ ಇನ್ನೊಂದರವನಾದ. ಇಬ್ಬರೂ ಒಟ್ಟಿಗೆ ಗುಂಡಿ ಒತ್ತುತ್ತ, "ಡಬ್ಬಿ ನಂದು," "ಇಲ್ಲ, ನಂದು," ಎಂದು ಜಗಳವಾಡಿದರು. ಮಧ್ಯಾಹ್ನದ ಊಟ ತಣ್ಣಗಾಗುವ ಹೊತ್ತಿಗೆ ರುದೈನಾಳಿಗೇ ಹೊಳೆಯಿತು: ಮೊದಲು ಬಂದವರ ಹೆಸರಿಗೆ ಡಬ್ಬಿಯನ್ನು ಕಟ್ಟಿಟ್ಟು, ಆಮೇಲೆ ಉತ್ತರ ಕೊಡಬೇಕು. ಅಷ್ಟು ಮಾಡಲು ಗುರುವಾರದವರೆಗಿನ ಸಮಯ ಸಾಲದು.

"ಹ್ಯಾಂಬರ್ಗ್‌ನವರಿಗೆ ಕೊಡ್ಬೇಡಿ," ಎಂದಳು. ಈ ಸಲ ಸುತ್ತಿಬಳಸಲಿಲ್ಲ.

"ಯಾಕೆ ಕೊಡ್ಲಿ? ದಾರಿ ಸಿಕ್ತಲ್ಲ. ಭಾನುವಾರಕ್ಕೆ ನೀನೇ ಮುಗಿಸು. ಹಾಜಿಯವರಿಗೆ ನಾನು ಹೇಳ್ತೀನಿ."

ಸಂಜೆ ಅವಳು ಚೀಲ ಹೆಗಲಿಗೇರಿಸಿ ಹೊರಟಾಗ ನವ್ರಸ್ ಫೋನನ್ನು ಮುಂದಿಟ್ಟುಕೊಂಡು ಸುಮ್ಮನೆ ಕೂತಿದ್ದ.

"ಏನಾದ್ರೂ ಸಹಾಯ ಬೇಕಾ?" ಎಂದಳು.

"ಇಲ್ಲ, ಇಲ್ಲ. ನೀನು ಹೊರಡು."

ರುದೈನಾ ಚೀಲವನ್ನು ಕೆಳಗಿಟ್ಟು ಎದುರಿನ ಕುರ್ಚಿಯಲ್ಲಿ ಕೂತಳು. ನವ್ರಸ್ ಅವಳನ್ನು ನೋಡಿದ, ಫೋನ್ ನೋಡಿದ. ಅವಳು ಏಳುವ ಹಾಗೆ ಕಾಣಲಿಲ್ಲ.

"ತಡ ಆಗುತ್ತೆ ಅಂತ ಅಷ್ಟು ದೊಡ್ಡವರಿಗೆ ಹೇಗೆ ಹೇಳೋದು?" ಎಂದ ಕೊನೆಗೆ. "ನಮ್ಮಲ್ಲಾದ್ರೆ ನೇರವಾಗಿ ಹೇಳಿಬಿಡ್ತಿದ್ದೆ. ಇಲ್ಲಿ ಹೇಗೆ ಶುರು ಮಾಡ್ಬೇಕೋ ಗೊತ್ತಾಗ್ತಿಲ್ಲ."

"ಮೊದಲು ಅವರ ಮೊಣಕಾಲು ನೋವು ಹೇಗಿದೆ ಅಂತ ಕೇಳಿ. ಅವರು ಪೂರ್ತಿ ಹೇಳೋ ತನಕ ನಡುವೆ ಬಾಯಿ ಹಾಕ್ಬೇಡಿ. ಆಮೇಲೆ ಭಾನುವಾರದ ಮಾತು ಎತ್ತಿ, ನೇರವಾಗೇ."

ನವ್ರಸ್ ನಂಬರ್ ಒತ್ತಿ, ಇಬ್ಬರಿಗೂ ಕೇಳುವಂತೆ ಫೋನನ್ನು ಮೇಜಿನ ನಡುವೆ ಇಟ್ಟ. ಕಿಟಕಿಯಾಚೆ ಕೆಳಗಿನ ಇಳಿಜಾರಿನ ಮನೆಗಳಲ್ಲಿ ಆಗಲೇ ದೀಪಗಳು ಹತ್ತಿದ್ದವು. ಹಾಜಿಯವರು ಎಡ ಮೊಣಕಾಲಿನಿಂದ ಶುರುಮಾಡಿದರು. ನವ್ರಸ್ ಕುರ್ಚಿಗೆ ಒರಗಿ ಕೇಳತೊಡಗಿದ.