ಮೂರು ಗೆರೆ ಕಡಿಮೆ

ಔಷಧ ಅರೆಯುವ ಖಲಬತ್ತಿಗೆ ಒಂಬತ್ತು ರೂಪಾಯಿ, ತಕ್ಕಡಿಗೆ ಅರವತ್ತು, ನನಗೆ ಹದಿನಾಲ್ಕು. ನಾನು ಒಂದು ಗಾಜಿನ ಅಳತೆ ಜಾಡಿ. ಮೊಣಕೈಯುದ್ದದ ಮೈ, ತುಟಿಯಲ್ಲಿ ಸಣ್ಣ ಕೊಕ್ಕು, ಮೈಮೇಲೆ ನೂರು ಗೆರೆ. ಗೆರೆಗೆ ಹತ್ತು ಮಿಲಿಲೀಟರಿನಂತೆ ಹೊಟ್ಟೆ ತುಂಬಿದರೆ ಒಂದು ಲೀಟರು. ಕುಲುಮೆಯ ಮುಂದೆ ಒಬ್ಬ ಮುದುಕ ಊದಿ ನನಗೆ ರೂಪ ಕೊಟ್ಟ. ಅವನ ಮಗಳು ನೀರು ಹಾಕಿ ತೂಗಿ ನೋಡಿ ಒಂದೊಂದೇ ಗೆರೆ ಕೊರೆದಳು. ತಪ್ಪು ಬಿದ್ದ ಜಾಡಿಯನ್ನು ಅವಳು ಅಲ್ಲೇ ಒಡೆದುಹಾಕುತ್ತಿದ್ದಳು. ನಾನು ಉಳಿದೆ.

ಹುಲ್ಲು ಹಾಸಿದ ಪೆಟ್ಟಿಗೆಯಲ್ಲಿ ಮಲಗಿ ರೈಲಿನಲ್ಲಿ ಗದಗಿನ ಕಡೆಯ ಒಂದು ಸಣ್ಣ ಆಸ್ಪತ್ರೆಗೆ ಬಂದೆ. ಕಂಪೌಂಡರ್ ಶಾಂತಯ್ಯನವರ ಕೈಯಲ್ಲಿ ಹನ್ನೊಂದು ವರ್ಷ ಕಳೆದೆ. ಕೆಮ್ಮಿನ ಔಷಧ, ಹರಳೆಣ್ಣೆ, ಉಪ್ಪುನೀರು, ಎಲ್ಲವೂ ನನ್ನ ಹೊಟ್ಟೆ ಸೇರಿವೆ. ಹಾಸಿಗೆ ಹಿಡಿದವರ ಬೆನ್ನು ಹುಣ್ಣಾಗದಂತೆ ತಿಕ್ಕಲು ಅರ್ಧ ಸ್ಪಿರಿಟ್, ಅರ್ಧ ನೀರು ಕಲಸುತ್ತಿದ್ದರು. ಎರಡನ್ನೂ ಬೇರೆಬೇರೆ ಅಳೆದು ನೇರವಾಗಿ ಬಾಟಲಿಗೆ ಸುರಿಯುವುದು ಶಾಂತಯ್ಯನವರ ಪದ್ಧತಿ. ಕಲಸಿದ ಮೇಲೆ ಎಷ್ಟಾಯಿತೆಂದು ಯಾರೂ ನೋಡುತ್ತಿರಲಿಲ್ಲ. ಸಹಾಯಕ ಹುಲಿಗೆಪ್ಪ ಅದನ್ನೇ ಕಲಿತ.

ಹುಲಿಗೆಪ್ಪ ಒಂದು ಕಾಲಕ್ಕೆ ಕುಡುಕ. ಮಗಳು ಹುಟ್ಟಿದ ದಿನ ಕೂಸನ್ನು ಮುಟ್ಟಿ ಹೆಂಡತಿಗೆ ಮಾತು ಕೊಟ್ಟು ಕುಡಿತ ಬಿಟ್ಟವನು. ಆರು ವರ್ಷವಾಗಿತ್ತು. ಸ್ಪಿರಿಟ್ಟಿನ ಕೋಣೆಯಲ್ಲೇ ದುಡಿದು ಮಾತು ಉಳಿಸಿಕೊಂಡಿದ್ದ.

ಶಾಂತಯ್ಯನವರು ನಿವೃತ್ತರಾಗಿ ವಾಮನರಾಯರು ಬಂದರು. ಅವರಿಗೆ ಎಲ್ಲವನ್ನೂ ಎರಡು ಸಲ ಅಳೆಯುವ ಚಾಳಿ. ಹುಲಿಗೆಪ್ಪ ಕಲಸಿಟ್ಟ ಸ್ಪಿರಿಟ್ಟನ್ನು ನನಗೆ ಸುರಿದು ಕಿಟಕಿಯ ಬೆಳಕಿಗೆ ಹಿಡಿದರು. ಐನೂರು, ಐನೂರು, ಸಾವಿರವಿರಬೇಕು. ಒಂಬೈನೂರ ಎಪ್ಪತ್ತಿತ್ತು. ಮರುದಿನವೂ ಅಷ್ಟೇ. ಮೂರನೆಯ ದಿನವೂ ಅಷ್ಟೇ.

"ಏನಪಾ ಹುಲಿಗೆಪ್ಪ, ದಿನಾ ಮೂರು ಗೆರಿ ಎಲ್ಲಿ ಹೊಂಟಾವು? ಗ್ವಾಡಿ ಕುಡೀತಾವೇನು?"

"ಸಾಹೇಬ್ರ, ನಾ ಬಿಟ್ಟು ಆರು ವರ್ಷಾತ್ರಿ. ಬೇಕಾದ್ರ ಬಾಯಿ ವಾಸನಿ ನೋಡ್ರಿ."

"ಸ್ಪಿರಿಟ್ ಕೋಣ್ಯಾಗ ನಿಂತು ವಾಸನಿ ನೋಡು ಅಂತಿ! ಭಾಳ ಶ್ಯಾಣ್ಯಾ ಅದಿ. ನಾಳಿಂದ ಕೆಲಸಕ್ಕ ಬರಬ್ಯಾಡ."

ಹುಲಿಗೆಪ್ಪ ನನ್ನ ಕಡೆ ನೋಡಿದ. ನಾನು ಸುಳ್ಳು ಹೇಳಿರಲಿಲ್ಲ. ನನ್ನ ನಿಜವೇ ಅವನ ಕುತ್ತಿಗೆಗೆ ಬಂದಿತ್ತು.

ಅಷ್ಟರಲ್ಲಿ ಬುತ್ತಿ ತಂದ ಹೆಂಡತಿ ಗಂಗವ್ವ ಬಾಗಿಲಲ್ಲೇ ನಿಂತಳು. ಬಸ್‌ಸ್ಟ್ಯಾಂಡಿನ ಹತ್ತಿರ ಮಂಡಕ್ಕಿಗೆ ಹುರಿಗಡಲೆ ಕಲಸಿ ಗಿರ್ಮಿಟ್ ಮಾರುವವಳು. ಎಲ್ಲ ಕೇಳಿಸಿಕೊಂಡಿದ್ದಳು.

"ಕುಡದೀ ಏನು?" ಗಂಡನನ್ನು ಕೇಳಿದಳು.

"ಇಲ್ಲ."

ಅವಳು ಅವನ ಮುಖವನ್ನು ಒಂದು ಗಳಿಗೆ ನೋಡಿ, ಬುತ್ತಿ ಕೆಳಗಿಟ್ಟು, ಕಂಪೌಂಡರರ ಕಡೆ ತಿರುಗಿದಳು.

"ರಾಯರ, ಒಂದು ಸೇರು ಚುರುಮುರಿಗೆ ಒಂದು ಸೇರು ಪುಠಾಣಿ ಕಲಸಿದ್ರ ಎರಡು ಸೇರು ಆಗಂಗಿಲ್ರಿ. ಪುಠಾಣಿ ಸಂದ್ಯಾಗ ಇಳೀತಾವ. ಹಂಗಂತ ನಾ ದಿನಾ ಯಾರಿಗೆ ಬೈಲಿ?"

"ಚುರುಮುರಿ ಬ್ಯಾರೆ, ಸ್ಪಿರಿಟ್ ಬ್ಯಾರೆ, ಅವ್ವಾ."

"ಬ್ಯಾರೆ ಇದ್ರ ನೀವ ಕಲಸ್ರಿ. ಇಂವ ಹೊರಗ ನಿಂದರ್ತಾನ."

ವಾಮನರಾಯರು ಹಟಕ್ಕೆ ಬಿದ್ದರು. ಹುಲಿಗೆಪ್ಪನನ್ನು ಹೊರಗೆ ಕಳಿಸಿ ತಾವೇ ಅಳೆದರು, ತಾವೇ ಕಲಸಿದರು, ನನಗೆ ಸುರಿದರು. ನನ್ನ ಹೊಟ್ಟೆ ಬೆಚ್ಚಗಾಯಿತು, ಸಣ್ಣ ಗುಳ್ಳೆಗಳೆದ್ದವು. ತಣ್ಣಗಾಗುವವರೆಗೆ ಗಂಗವ್ವ ಕದಲಲಿಲ್ಲ. ಒಂಬೈನೂರ ಎಪ್ಪತ್ತು.

ಒಳಗೆ ನಡೆದದ್ದನ್ನು ನಾನು ಕಂಡಂತೆ ಹೇಳುತ್ತೇನೆ. ನೀರಿನ ಕಣಗಳು ಒಂದರ ಕೈ ಒಂದು ಹಿಡಿದೇ ಇರುತ್ತವೆ. ಎಣ್ಣೆಗೆ ಹಾಗೆ ಹಿಡಿಯುವ ಕೈ ತೀರಾ ಕಡಿಮೆ, ಅದಕ್ಕೇ ಹರಳೆಣ್ಣೆ ನನ್ನಲ್ಲಿ ಯಾವಾಗಲೂ ನೀರಿನ ಮೇಲೆ ಬೇರೆಯೇ ಕೂತಿತ್ತು. ಸ್ಪಿರಿಟ್ಟಿನ ಕಣಕ್ಕೆ ಎಣ್ಣೆಯ ಜಾತಿಯ ಗಿಡ್ಡ ಬಾಲವಿದೆ, ಜೊತೆಗೆ ನೀರಿನಂಥದೇ ಒಂದು ಕೈ ಇದೆ. ಆ ಕೈಯನ್ನು ನೀರು ಹಿಡಿದುಕೊಳ್ಳುತ್ತದೆ, ಒತ್ತೊತ್ತಾಗಿ ಜಾಗ ಕೊಡುತ್ತದೆ. ಬಾಲ ಉದ್ದವಾದರೆ ಒಂದು ಕೈ ಸಾಲದು. ಮುಲಾಮಿಗೆ ಹಾಕುವ ಮೇಣದಂಥ ಬಿಳಿ ಪದಾರ್ಥವೂ ಸ್ಪಿರಿಟ್ಟಿನ ಬಳಗದ್ದೇ. ಉದ್ದ ಬಾಲದಿಂದಾಗಿ ಅದು ನೀರಿನ ಮೇಲೆ ತೇಲುವುದನ್ನು ನೋಡಿದ್ದೇನೆ.

ವಾಮನರಾಯರು ನನ್ನನ್ನು ಮೇಜಿನ ಮೇಲಿಟ್ಟು ಕನ್ನಡಕ ಒರೆಸಿಕೊಂಡರು.

"ನಾ ಇಷ್ಟು ವರ್ಷ ಸ್ಪಿರಿಟ್ ಹಾಕಿ ಸಾವಿರದ ಗೆರಿ ಮುಟ್ಟೂತನಕಾ ನೀರು ಹಾಕ್ತಿದ್ದೆ. ಕಡಿಮಿ ಬಿದ್ದದ್ದು ಗೊತ್ತ ಆಗಿಲ್ಲ. ಹುಲಿಗೆಪ್ಪ, ಒಳಗ ಬಾ. ತಪ್ಪು ನಂದು."

ಹುಲಿಗೆಪ್ಪ ಒಳಗೆ ಬಂದ. ನನ್ನಲ್ಲಿದ್ದುದನ್ನು ಬಾಟಲಿಗೆ ಸುರಿದು, ನನ್ನನ್ನು ತೊಳೆಯಲು ತೆಗೆದುಕೊಂಡ.

"ಆತಲ್ಲ, ಇನ್ನ ರೊಟ್ಟಿ ತಿನ್ನು," ಎಂದಳು ಗಂಗವ್ವ. "ಮತ್ತ ರಾಯರ, ಸಂಜಿಗೆ ಗಿರ್ಮಿಟ್ ತಿನ್ನಾಕ ಬರ್ರಿ. ಅಳತಿ ನಾ ಹೇಳಿದ್ದ!"

ಬಂದರು ಕೂಡ.

ವರ್ಷಗಳು ಕಳೆದು ಪ್ಲಾಸ್ಟಿಕ್ ಜಾಡಿಗಳು ಬಂದವು. ನನ್ನ ಕೊಕ್ಕು ಮುರಿದಿತ್ತು. ಗುಜರಿಗೆ ಹೊರಟಿದ್ದ ನನ್ನನ್ನು ಹುಲಿಗೆಪ್ಪ ಕೇಳಿ ಪಡೆದ. ಈಗ ಗಂಗವ್ವನ ಗಿರ್ಮಿಟ್ ಗಾಡಿಯಲ್ಲಿ ನಿಂತಿದ್ದೇನೆ, ಹೊಟ್ಟೆಯಲ್ಲಿ ಕೊತ್ತಂಬರಿ ಕಟ್ಟು, ತಳದಲ್ಲಿ ನಾಲ್ಕು ಬೆರಳು ನೀರು. ಎಷ್ಟು ನೀರೆಂದು ಯಾರೂ ಓದುವುದಿಲ್ಲ. ಕಾಲೇಜಿಗೆ ಹೋಗುವ ಮಗಳು ಮಾತ್ರ ಒಮ್ಮೊಮ್ಮೆ ಬಗ್ಗಿ ನನ್ನ ಗೆರೆ ಎಣಿಸುತ್ತಾಳೆ.

ಅಂದು ಹೋದದ್ದು ಮೂರು ಗೆರೆಯಷ್ಟು ಜಾಗ. ಸ್ಪಿರಿಟ್ಟಾಗಲಿ ನೀರಾಗಲಿ ಒಂದು ಹನಿಯೂ ಹೋಗಿರಲಿಲ್ಲ. ಹುಲಿಗೆಪ್ಪನ ಕೆಲಸ ಉಳಿಯಿತು, ಮಗಳನ್ನು ಮುಟ್ಟಿ ಕೊಟ್ಟ ಮಾತೂ ಉಳಿಯಿತು.